ಎತ್ತಿಕೊಟ್ಟ ಕೊಡ

ಅದೇ ಕುಂಟ ನಾಯಿ ಎರಡನೇ ಸಲ ಎದುರಾದಾಗ ದಾರಿ ತಪ್ಪಿದ್ದು ಕಮಳಾಬಾಯಿಗೆ ಖಾತ್ರಿಯಾಯಿತು. ಮಂಠಾಳಕ್ಕೆ ಸೊಸೆಯಾಗಿ ಬಂದು ನಲವತ್ತೈದು ವರ್ಷ; ಅಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಹೊಲ ಮುಟ್ಟುವ ಹೆಂಗಸು ಈಕೆ. ಆದರೆ ಇದು ನೇಪಾಳದ ಪಾಟನ್. ಎತ್ತ ನೋಡಿದರೂ ಇಟ್ಟಿಗೆಯ ಹಳೆಯ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಗಲ್ಲಿಗಳು.

ಬಸ್ಸಿನಿಂದ ಇಳಿಯುವಾಗಲೇ ತಮ್ಮನ ಮಗ ಸಂಘರತ್ನ ಎಚ್ಚರಿಸಿದ್ದ. ಬಸವಕಲ್ಯಾಣದಿಂದ ನಲವತ್ತು ಜನರನ್ನು ಲುಂಬಿನಿ, ಪಾಟನ್ ತೋರಿಸಲು ಕರೆತಂದ ಮಾಸ್ತರ ಅವನು.

“ಅತ್ತಿ, ನನ್ನ ಬೆನ್ನು ಬಿಡಬ್ಯಾಡ್ರಿ. ಮೂರಕ್ಕ ಬಸ್ಸು ಬಿಡ್ತದ. ಇವತ್ತೇ ಗಡಿ ದಾಟಬೇಕು, ಯಾರಿಗೂ ಕಾಯಂಗಿಲ್ಲ.”

“ನಾ ಏನ್ ಸಣ್ಣ ಕೂಸೇನೋ? ನಡಿ ಮುಂದ.”

ಕೂಸಾಗಿದ್ದರೆ ಯಾರಾದರೂ ಕೈಯಾದರೂ ಹಿಡಿಯುತ್ತಿದ್ದರು. ಆಕೆಯ ದಾರಿ ತಪ್ಪಿಸಿದ್ದು ಒಂದು ಗಿಡ್ಡ ಬಾಗಿಲು. ಬಗ್ಗಿ ಇಣುಕಿದರೆ ಒಳಗೆ ಅಂಗಳ. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ, ಹಗ್ಗದ ಮೇಲೆ ಮಕ್ಕಳ ಚಡ್ಡಿ, ನಡುವೆ ಕಲ್ಲಿನ ಬುದ್ಧ! ಆಕೆಯ ಓಣಿಯ ವಿಹಾರದಲ್ಲಿ ಬುದ್ಧ ಗಾಜಿನ ಪೆಟ್ಟಿಗೆಯೊಳಗಿದ್ದ, ಬೀಗ ತೆಗೆದಾಗಷ್ಟೇ ದರ್ಶನ. ಇಲ್ಲಿ ಒದ್ದೆ ಚಡ್ಡಿಗಳ ಕೆಳಗೆ ಮನೆಯ ಹಿರಿಯನಂತೆ ಕೂತಿದ್ದ. ಕಮಳಾಬಾಯಿ ಮೂರು ಸಲ ಅಡ್ಡಬಿದ್ದು, ಶರಣ ಹೇಳಿ, ಎದುರಿನ ಬಾಗಿಲಿನಿಂದ ಹೊರಬಿದ್ದರೆ ಇನ್ನೊಂದು ಅಂಗಳ, ಇನ್ನೊಬ್ಬ ಬುದ್ಧ. ಆಸೆಗೆ ಬಿದ್ದು ನಾಲ್ಕು ಅಂಗಳ ದಾಟಿದಳು. ಐದನೆಯ ಬಾಗಿಲ ಹೊರಗೆ ಜೊತೆಯವರು ಯಾರೂ ಇರಲಿಲ್ಲ.

ಮೊಬೈಲಿಗೆ ಗಡಿ ದಾಟಿದಾಗಲೇ ಜೀವ ಹೋಗಿತ್ತು. ಅಂಗಡಿಯೊಂದರ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಇಲ್ಲೇ ಉಳಿದುಬಿಟ್ಟರೆ? ಸತ್ತರೆ ಮಣ್ಣು ಮಾಡುವವರಿಗೆ ನನ್ನ ಹೆಸರಾದರೂ ಹೇಗೆ ಗೊತ್ತಾಗಬೇಕು? ಹೆದರಿಕೆಗೆ ಗಂಟಲು ಒಣಗಿ, ನಾಲಿಗೆ ಅಂಗುಳಕ್ಕೆ ಅಂಟತೊಡಗಿತು.

ಆಗಲೇ ನೀರಿನ ಸದ್ದು ಕೇಳಿದ್ದು. ರಸ್ತೆಯ ಪಕ್ಕ ಮೆಟ್ಟಿಲಿಳಿದು ಹೋಗುವ ಕಲ್ಲಿನ ಹೊಂಡ. ತಳದಲ್ಲಿ ಮೊಸಳೆಯ ಬಾಯಂಥ ಕಲ್ಲಿನಿಂದ ನೀರು ಸುರಿಯುತ್ತಿತ್ತು. ಒಬ್ಬ ಮುದುಕಿ ಹಿತ್ತಾಳೆ ಕೊಡ ತುಂಬಿಸುತ್ತಿದ್ದಳು. ಕಮಳಾಬಾಯಿ ಅವಳಿಗಿಂತ ಎರಡು ಮೆಟ್ಟಿಲು ಮೇಲೆಯೇ ನಿಂತು, ಬಾಗಿ ಬೊಗಸೆಯೊಡ್ಡಿದಳು.

“ಮಾ, ಥೋಡಾ ಪಾನಿ ಡಾಲೋ.”

ದೂರ ನಿಂತು ಬೇಡುವ ರೂಢಿ ಮೈಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಹುಮನಾಬಾದ ಕಡೆಯ ತವರೂರಿನಲ್ಲಿ ಒಂಬತ್ತು ವರ್ಷದವಳಿದ್ದಾಗ, ಬಾವಿಕಟ್ಟೆಯಿಂದ ಉರುಳುತ್ತಿದ್ದ ಯಾರದೋ ಕೊಡವನ್ನು ಬೀಳದಂತೆ ಹಿಡಿದಿದ್ದಳು. ಕೊಡದ ಒಡತಿ ನೀರನ್ನೆಲ್ಲ ಚೆಲ್ಲಿ, ಹುಣಸೆಹಣ್ಣು ಹಚ್ಚಿ ಮೂರು ಸಲ ಕೊಡ ತಿಕ್ಕಿದಳು. ಬೇರೆಯವರು ಹೊಡೆಯುವ ಮೊದಲು ಅವ್ವ ತಾನೇ ಎಲ್ಲರೆದುರು ಮಗಳನ್ನು ಹೊಡೆದಳು.

ಮುದುಕಿ ನೀರು ಹಾಕಲಿಲ್ಲ. ಕೆಳಗೆ ಬಾ ಎಂದು ಕೈಬೀಸಿದಳು. ತುಂಬಿದ ಕೊಡ ತೋರಿಸಿ, ಸೊಂಟ ತಟ್ಟಿಕೊಂಡು, ಎತ್ತಿಕೊಡು ಎಂದು ಸನ್ನೆ ಮಾಡಿದಳು.

ಕಮಳಾಬಾಯಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಬಸ್ಸು ತಪ್ಪುವ ಭಯ ಎಲ್ಲೋ ಹೋಗಿ ಹಳೆಯ ಭಯ ಬಂದು ನಿಂತಿತ್ತು. ಈಕೆಗೆ ನಾನು ಯಾರೆಂದು ಗೊತ್ತಿಲ್ಲ. ಮುಟ್ಟಿದ ಮೇಲೆ ಗೊತ್ತಾದರೆ ಏನು ಗತಿ? ಮೊದಲೇ ಹೇಳಿಬಿಡುವುದು ವಾಸಿ. ಮಗಳಿಗೆ ಬಾಡಿಗೆ ಮನೆ ಹುಡುಕುವಾಗ ನಾವು ಬೌದ್ಧರು ಎಂಬ ಒಂದು ಮಾತು ಬಾಯಿಂದ ಬಿದ್ದರೆ ಸಾಕಿತ್ತು, ಮನೆ ಆಗಲೇ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು.

“ಮಾ, ಹಮೆ ಬೌದ್ಧ ಲೋಗಾಂ. ಬುದ್ಧ, ಬುದ್ಧ,” ಎಂದು ಎದೆ ಮುಟ್ಟಿ ತೋರಿಸಿ ಒಂದು ಹೆಜ್ಜೆ ಹಿಂದೆ ಸರಿದಳು.

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. ತನ್ನೆದೆಯನ್ನೂ ತಟ್ಟಿಕೊಂಡು “ಬುದ್ಧ!” ಎಂದಳು. ಮತ್ತೆ ಕೊಡ ತೋರಿಸಿ, ಇನ್ನೆಷ್ಟು ಹೊತ್ತು ಎನ್ನುವಂತೆ ಗದರಿದಳು.

ಕಮಳಾಬಾಯಿ ಇಳಿದಳು. ಕಂಠಕ್ಕೊಂದು ಕೈ, ತಳಕ್ಕೊಂದು ಕೈ ಹಾಕಿ ಕೊಡ ಎತ್ತಿಕೊಟ್ಟಳು. ನೀರು ತುಳುಕಿ ಇಬ್ಬರ ಸೀರೆಯೂ ತೊಯ್ದಿತು. ಮುದುಕಿ ಹಿಂದಿರುಗಿ ನೋಡದೆ ಮೆಟ್ಟಿಲೇರಿ ಹೋದಳು.

ಬಾಯಾರಿಕೆ ಮರೆತು ಕಮಳಾಬಾಯಿ ಅವಳ ಬೆನ್ನು ಹತ್ತಿದಳು. ಮೂಲೆ ತಿರುಗಿದ ಮೇಲೆ ಚೆಲ್ಲುತ್ತಾಳೆ, ಚೆಲ್ಲಿಯೇ ಚೆಲ್ಲುತ್ತಾಳೆ. ಅದನ್ನು ಕಣ್ಣಾರೆ ನೋಡದೆ ಹೋಗಲು ಮನಸ್ಸೊಪ್ಪಲಿಲ್ಲ. ಮುದುಕಿ ಮೂಲೆ ತಿರುಗಿದಳು, ಚೆಲ್ಲಲಿಲ್ಲ. ಒಂದು ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಹೋದಳು. ಮೆಣಸಿನಕಾಯಿ ಒಣಗುತ್ತಿದ್ದ ಅದೇ ಮೊದಲ ಅಂಗಳ.

“ಅತ್ತಿ! ಎಲ್ಲಿ ಹೋಗಿದ್ರಿ? ತಾಸಾಯ್ತು ಹುಡಕಾಕತ್ತೇನಿ, ಜೀವ ಬಾಯಿಗಿ ಬಂದದ!” ಗಲ್ಲಿಯ ತುದಿಯಿಂದ ಸಂಘರತ್ನ ಓಡಿ ಬರುತ್ತಿದ್ದ. “ಬಸ್ಸು ಚಾಲೂ ಮಾಡಿ ನಿಂದ್ರಿಸ್ಯಾರ, ನಡೀರಿ!”

“ಜರಾ ತಡಿಯೋ,” ಎಂದಳು ಕಮಳಾಬಾಯಿ, ಬಾಗಿಲ ಚೌಕಟ್ಟು ಬಿಗಿಯಾಗಿ ಹಿಡಿದು.

ಒಳಗೆ ಮುದುಕಿ ಸೊಂಟದ ಮೇಲಿನ ಕೊಡವನ್ನು ವಾಲಿಸಿ, ಅಂಗೈ ತುಂಬ ನೀರು ಹಿಡಿದು, ಕಲ್ಲಿನ ಬುದ್ಧನ ತಲೆಯ ಮೇಲೆ ಹಾಕಿದಳು. ನೀರು ಹಣೆಯಿಂದ ಇಳಿದು, ಮುಖವನ್ನೆಲ್ಲ ತೋಯಿಸಿ, ಗದ್ದದಿಂದ ತೊಟ್ಟಿಕ್ಕತೊಡಗಿತು.