ನಡು ಉಬ್ಬಿದ ಗಾಲಿ

ಪವಿತ್ರ ಗಾಲಿಯ ನಟ್ಟನ್ನು ಬರಿಗೈಯಲ್ಲಿ ತಿರುಗಿಸುತ್ತಲೇ ಇದ್ದಳು. ಅದು ಸಡಿಲವಾಗುವ ಬದಲು ಬಿಗಿಯಾಗುತ್ತಿತ್ತು. ಯಾವ ಕಡೆ ತಿರುಗಿಸಬೇಕೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮದುವೆಯಾಗಿ ಬಂದ ಮೇಲೆ ಕೊಟ್ಟಿಗೆಯ ಪಕ್ಕದ ಈ ಶೆಡ್ಡಿನೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು.

ಹೊರಗೆ ಅಂಗಳದಲ್ಲಿ ಅವಳ ಗಂಡ ಧರ್ಮೇಂದ್ರನನ್ನು ಮಲಗಿಸಿದ್ದರು. ನಿನ್ನೆ ನಾಗಮಂಗಲದ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ ಮುಗಿಸಿ ಬಿಂಡಿಗನವಿಲೆ ಬಸ್ಸು ಹತ್ತಿದವನು ಸೀಟಿನಲ್ಲೇ ಎದೆ ಹಿಡಿದುಕೊಂಡಿದ್ದ. ಡ್ರೈವರು ಬಸ್ಸು ತಿರುಗಿಸಿ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಉಸಿರಿರಲಿಲ್ಲ.

ಆ ಮನೆತನದಲ್ಲಿ ಸತ್ತವರ ಜೊತೆ ಅವರಿಗೆ ಇಷ್ಟವಾದದ್ದೊಂದನ್ನು ಗುಂಡಿಗಿಡುವುದು ವಾಡಿಕೆ. ಅಜ್ಜಿಯ ಜೊತೆ ಎಲೆಅಡಿಕೆ ಚೀಲ ಹೋಗಿತ್ತು, ಮಾವನ ಜೊತೆ ರೇಡಿಯೊ. ಗಂಡ ಸತ್ತರೆ ಹೆಂಡತಿಯೇ ತನ್ನ ಕೈಯಾರೆ ಇಡಬೇಕು. ದೊಡ್ಡಮಾವ ಕರಿಯಪ್ಪ ಬೆಳಿಗ್ಗೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದ್ದರು.

"ಅವನ್ಗೆ ಜೀವ ಆಗಿದ್ದುದ್ದು ಏನಾರ ತಕೊಟ್ಬುಡವ್ವ. ನಿಂಗಲ್ದೆ ಇನ್ಯಾರ್ಗೆ ಗೊತ್ತಿರ್ತದೆ?"

ಅವಳಿಗೆ ಗೊತ್ತಿರಲಿಲ್ಲ. ಜಗಲಿಯಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಧರ್ಮೇಂದ್ರ ಕತ್ತಿ, ಕುಡುಗೋಲು ಮಸೆಯಲು ತಾನೇ ಕಟ್ಟುತ್ತಿದ್ದ ಮಿಷನ್ನಿನ ಬಗ್ಗೆ ಅವರು ನೆಂಟನೊಬ್ಬನ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಮೋಟಾರು ರಾಗಿಮಿಲ್ಲಿನ ಹಳೆಯದಂತೆ. ಗಾಲಿಗಳ ಮೇಲೆ ಓಡುತ್ತ ಮಸೆಯುವ ಎಮರಿ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯುವ ಸ್ಪ್ರಿಂಗು ಕರಿಯಪ್ಪನ ಸ್ಕೂಟರಿನದಂತೆ. ಚೌಕ ಪೈಪಿನ ಚೌಕಟ್ಟಿಗೆ ವೆಲ್ಡಿಂಗ್ ಹಾಕಿದವನು ಪಕ್ಕದ ಮನೆಯ ಕೃಷ್ಣ. ಎದುರುಮನೆಯ ಮಾದಮ್ಮ ಒಂದು ಮಧ್ಯಾಹ್ನವೆಲ್ಲ ಟಾರ್ಚು ಹಿಡಿದು ನಿಂತಿದ್ದಳಂತೆ.

"ನನ್ ಕುಡ್ಲು ಕೊಟ್ಟಿದ್ನಲ್ಲಾ" ಎಂದಳು ಮುದುಕಿ ಸಿದ್ದಲಿಂಗಮ್ಮ, ಮೂಗು ಒರೆಸಿಕೊಳ್ಳುತ್ತ. "ಅಜ್ಜಿ, ನಿನ್ ಬಾಯಷ್ಟು ಚೂಪಾಗೋಗಂಟ ಬುಡಾಕಿಲ್ಲ ಅಂದಿದ್ದ ಬಡ್ಡೈದ."

ಕೆಲವರು ನಕ್ಕರು. ನಕ್ಕದ್ದಕ್ಕೇ ಮತ್ತೆ ಅತ್ತರು. ಆಗ ಪವಿತ್ರಳಿಗೆ ಗಾಲಿಯೊಂದು ನೆನಪಾಯಿತು. ಅವನು ಮನೆಯೊಳಕ್ಕೆ ತಂದು ತೋರಿಸಿದ್ದು ಅದೊಂದನ್ನೇ. ಅವಳು ಎದ್ದು ಶೆಡ್ಡಿಗೆ ಬಂದಿದ್ದಳು.

ನಟ್ಟು ಕೊನೆಗೂ ಬಂತು. ಗಾಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಹೋದಳು.

*

ಅದೊಂದು ಭಾನುವಾರ. ತಾನು ಕಲಿಸುವ ಕಾಲೇಜಿನ ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಡುಮನೆಯಲ್ಲಿ ಹರಡಿಕೊಂಡು ಅವಳು ತಿದ್ದುತ್ತಿದ್ದಳು. ಧರ್ಮೇಂದ್ರ ಎರಡೂ ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡು, ಹಕ್ಕಿಮರಿ ತಂದವನ ಹಾಗೆ ಬಂದು ಕೂತ. ಅಂಗಡಿಯ ಲೇತಿನಲ್ಲಿ ಕಡೆದ ಅಲ್ಯೂಮಿನಿಯಂ ಗಾಲಿ. ಅದನ್ನು ಅವಳ ಮುಂದಿನ ಪೇಪರಿನ ಮೇಲಿಟ್ಟ.

"ಮುಟ್ಟಿ ನೋಡು ಪವಿ. ನಡುಮಧ್ಯ ಒಂಚೂರು ಉಬ್ಬು. ಕಣ್ಣಿಗ್ ಕಾಣಾಕಿಲ್ಲ, ಕೈಗ್ ಗೊತ್ತಾಯ್ತದೆ."

ಅವಳು ತಲೆ ಎತ್ತಲಿಲ್ಲ. "ಪೇಪರಿಗೆ ಎಣ್ಣೆ ಆಗುತ್ತೆ ರೀ. ಆಮೇಲೆ ನೋಡ್ತೀನಿ."

ಅವನು ಗಾಲಿಯನ್ನೆತ್ತಿ, ಕಲೆಯನ್ನು ಅಂಗಿಯ ತುದಿಯಿಂದ ಒರೆಸಿದ. ಕಲೆ ಇನ್ನಷ್ಟು ಹರಡಿತು. ಅವಳು ನಿಟ್ಟುಸಿರುಬಿಟ್ಟಳು. ಅವನು ಉಬ್ಬಿನ ಬಗ್ಗೆ ಇನ್ನೂ ಏನೇನೋ ಹೇಳುತ್ತಿದ್ದ. ಅವಳು ಹೂಂ ಅನ್ನುತ್ತ ಅಂಕ ಕೂಡುತ್ತಿದ್ದಳು. ಮಾತು ಯಾವಾಗ ನಿಂತಿತು, ಅವನು ಯಾವಾಗ ಎದ್ದುಹೋದ ಎಂಬುದು ಅವಳ ಗಮನಕ್ಕೆ ಬರಲಿಲ್ಲ. ಆಮೇಲೆ ಅವಳು ಕೇಳಲಿಲ್ಲ, ಅವನೂ ತರಲಿಲ್ಲ.

*

ಹೊಲದ ಬದುವಿನಲ್ಲಿ ಗುಂಡಿ ತೆಗೆದಿದ್ದರು. ಧರ್ಮೇಂದ್ರನನ್ನು ಇಳಿಸಿದ ಮೇಲೆ ಕರಿಯಪ್ಪ ಪವಿತ್ರಳ ತೋಳು ಹಿಡಿದು ಅಂಚಿಗೆ ಕರೆದುಕೊಂಡು ಹೋದರು. ಅವಳು ಮಂಡಿಯೂರಿ ಬಾಗಿ, ಗಾಲಿಯನ್ನು ಅವನ ಬಲಗೈ ಪಕ್ಕ ಇಟ್ಟಳು. ಅತ್ತೆ ಮಂಗಳಮ್ಮ ಹಿಂದಿನಿಂದ, ಒಳ್ಳೇದು ಮಾಡಿದೆ ಕಣವ್ವ ಎಂದು ಬಿಕ್ಕಿದಳು. ನಿನ್ನೆಯಿಂದ ಮೊದಲ ಬಾರಿಗೆ ಪವಿತ್ರಳಿಗೂ ಏನೋ ಒಂದನ್ನು ಸರಿಯಾಗಿ ಮಾಡಿದೆ ಅನ್ನಿಸಿತು.

ತಲೆ ಎತ್ತಿದರೆ ಎದುರು ಅಂಚಿನಲ್ಲಿ ಕೃಷ್ಣ. ಗುದ್ದಲಿ ಹಿಡಿದುಕೊಂಡು ಗಾಲಿಯನ್ನೇ ನೋಡುತ್ತಿದ್ದ.

"ಯಾಕ್ಲಾ ನಿಂತ್ಕಂಡೆ? ಎಳೀಲಾ ಮಣ್ಣ" ಎಂದರು ಕರಿಯಪ್ಪ.

"ಏನಿಲ್ಲ ಬುಡಿ ದೊಡ್ಡಪ್ಪ" ಎಂದು ಅವನು ಮಣ್ಣೆಳೆದ.

*

ಸ್ನಾನ ಮುಗಿಸಿ, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಬಂದಿದ್ದವರೆಲ್ಲ ಚದುರಿದರು. ಇನ್ನೂ ಇಳಿಬಿಸಿಲಿತ್ತು. ಶೆಡ್ಡಿನ ಬಾಗಿಲು ತೆರೆದಿರುವುದನ್ನು ಕಂಡು ಪವಿತ್ರ ಹೋದಳು. ಕೃಷ್ಣ ಒಂದು ಪೊಟ್ಟಣ ಬಿಚ್ಚಿಕೊಂಡು ಕೂತಿದ್ದ. ಒಳಗೆ ಹೊಸ ಎಮರಿ ಪಟ್ಟಿ. ಇವತ್ತು ಬೆಳಿಗ್ಗೆಯ ಬಸ್ಸಿನಲ್ಲಿ ಬಂದಿತ್ತು. ಧರ್ಮೇಂದ್ರ ಮೈಸೂರಿನಿಂದ ತರಿಸಿದ್ದು.

"ಆ ಗಾಲಿ ಇಡಬಾರದಿತ್ತಾ ಕೃಷ್ಣ?"

ಅವನು ನೆಲ ನೋಡಿದ. "ಬುಡಿ ಅತ್ಗೆ. ಆಗೋಯ್ತು."

"ಹೇಳು."

ಅವನು ತಡೆತಡೆದು ಹೇಳಿದ. ಮಿಕ್ಕ ಗಾಲಿಗಳೆಲ್ಲ ಸಪಾಟು. ಪಟ್ಟಿ ಓಡುವಾಗ ಅದನ್ನು ನಡುವಿಗೆ ಎಳೆದುಕೊಳ್ಳುವುದು ಆ ಉಬ್ಬಿನ ಗಾಲಿಯೊಂದೇ. ಅದಿಲ್ಲದಿದ್ದರೆ ಪಟ್ಟಿ ಅಂಚಿಗೆ ಸರಿದು ಬಿದ್ದುಹೋಗುತ್ತದೆ. ಅಣ್ಣ ಅದನ್ನು ಕಡೆದು ಕಡೆದು ಎಷ್ಟೋ ಸಲ ಕೆಡಿಸಿದ್ದ. ಈ ಭಾನುವಾರ ಮಿಷನ್ನು ಓಡಿಸುವುದೆಂದು ಆಗಿತ್ತು.

"ಅಣ್ಣನ್ ಹೆಸ್ರಲ್ಲಿ ನಾನಾರ ಓಡಿಸ್ಬುಟ್ಟು, ಆ ಅಜ್ಜಿ ಕುಡ್ಲು ಮಸ್ದು ಕೊಡಾಣ ಅಂತಿದ್ದೆ. ಅಷ್ಟೇಯ."

"ಅಗೆದು ತೆಗೆಯೋಕಾಗಲ್ವಾ?" ಎಂದಳು ಪವಿತ್ರ.

ಕೃಷ್ಣ ಬೆಚ್ಚಿ ಬಾಗಿಲ ಕಡೆ ನೋಡಿದ. "ಅಂಗೆಲ್ಲ ಅನ್ಬಾರ್ದು ಅತ್ಗೆ. ಕೊಟ್ಟಿದ್ದು ಕೊಟ್ಟಂಗೇಯ."

"ಇನ್ನೊಂದು ಮಾಡೋಕೆ ನಿನಗೆ ಬರುತ್ತಾ?"

"ನಾ ವೆಲ್ಡಿಂಗೋನು. ಲೇತ್ ಕೆಲ್ಸ ಅಣ್ಣಂದು."

ಅವಳು ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಹೊರಮೈ ಒರಟು, ಒಳಮೈ ಬಟ್ಟೆಯಷ್ಟು ನುಣುಪು. ಅದನ್ನು ಎಲ್ಲೆಲ್ಲಿ ಹಾಕಬೇಕೆಂದು ಕೇಳಿದಳು. ಕೃಷ್ಣ ಅದನ್ನು ಕೆಳಗಿನ ಮೋಟಾರಿನ ಗಾಲಿಗೆ, ಮುಂದಿನ ಗಾಲಿಗೆ ಸುತ್ತಿ ಮೇಲಕ್ಕೆ ತಂದ. ಮೇಲೆ, ಉಬ್ಬಿನ ಗಾಲಿ ಇರಬೇಕಾದಲ್ಲಿ ಬರೀ ಅಚ್ಚು ಚಾಚಿಕೊಂಡಿತ್ತು. ಪವಿತ್ರ ಆ ಅಚ್ಚನ್ನು ಮುಷ್ಟಿಯಲ್ಲಿ ಹಿಡಿದಳು. ಪಟ್ಟಿಯನ್ನು ಮುಷ್ಟಿಯ ಮೇಲೆ ಹಾಯಿಸಿಕೊಂಡಳು.

"ತಿರುಗಿಸು."

"ಅತ್ಗೆ, ಕರೆಂಟು..."

"ಕೈಯಲ್ಲೇ. ನಿಧಾನಕ್ಕೆ."

ಕೃಷ್ಣ ಕೆಳಗಿನ ಗಾಲಿಯನ್ನು ಕೈಯಿಂದ ತಿರುಗಿಸಿದ. ಪಟ್ಟಿ ಅವಳ ಬೆರಳ ಗಿಣ್ಣುಗಳ ಮೇಲೆ ಹರಿಯಿತು, ಒಂದಿಷ್ಟು ನೆಟ್ಟಗೆ ಹೋಯಿತು, ಆಮೇಲೆ ಪಕ್ಕಕ್ಕೆ ಸರಿಯತೊಡಗಿತು. ಅವಳು ಮಣಿಕಟ್ಟನ್ನು ಹಾಗೆ ತಿರುಗಿಸಿದಳು, ಹೀಗೆ ತಿರುಗಿಸಿದಳು. ಅದು ನಿಲ್ಲಲಿಲ್ಲ. ಗಿಣ್ಣು ದಾಟಿ, ಹಿಂಗೈ ದಾಟಿ, ಹನ್ನೊಂದನೆಯ ದಿನದವರೆಗೆ ಇರಲಿ ಎಂದು ಬಿಟ್ಟಿದ್ದ ಹಸಿರು ಬಳೆಗಳವರೆಗೆ ಬಂದು, ಅವುಗಳನ್ನು ಒಂದರ ಮೇಲೊಂದು ಒತ್ತತೊಡಗಿತು.