ಕೊರಳಿಗೆ ಬಿದ್ದ ಹಲಗೆ

ಆ ಬೀದಿಯ ಸರ್ಕಾರಿ ಶಾಲೆಯ ಗೇಟಿನ ಮುಂದೆ ಪ್ರತಿ ದಿನ ಬೆಳಿಗ್ಗೆ ಹಳದಿ ವ್ಯಾನೊಂದು ಬಂದು ನಿಲ್ಲುತ್ತಿತ್ತು. ಅದು ಮಕ್ಕಳನ್ನು ಆ ಶಾಲೆಗೆ ಇಳಿಸಲು ಬರುತ್ತಿರಲಿಲ್ಲ. ಆ ಶಾಲೆಯ ಮೇಷ್ಟ್ರುಗಳ ಮಕ್ಕಳನ್ನು ಹತ್ತಿಸಿಕೊಂಡು ಖಾಸಗಿ ಶಾಲೆಗೆ ಒಯ್ಯಲು ಬರುತ್ತಿತ್ತು. ಟೀಚರಮ್ಮನೂ ತನ್ನ ಮಗಳನ್ನು ಹತ್ತಿಸಿ, ಕೈ ಬೀಸಿ, ಒಳಗೆ ಹೋಗಿ ಊರವರ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ತಾನು ಮಾಡಿದ ಅಡುಗೆಯನ್ನು ತನ್ನ ಮಕ್ಕಳಿಗೆ ಮಾತ್ರ ಬಡಿಸದ ಅಡುಗೆಯವಳನ್ನು ಕಂಡರೆ ನಾವು ಸುಮ್ಮನಿರುತ್ತೇವೆಯೇ? ಮೇಷ್ಟ್ರುಗಳ ವಿಷಯದಲ್ಲಿ ಮಾತ್ರ ಎಲ್ಲರೂ ಸುಮ್ಮನಿದ್ದರು.

ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದೇ ರೇಡಿಯೋ ಎಂದು. ಬಾಯಿ ಬಿಟ್ಟರೆ ಅರಳು ಹುರಿದ ಹಾಗೆ ಮಾತು. "ಈ ರೇಡಿಯೋ ಆರಿಸೋ ಗುಂಡಿ ಎಲ್ಲಿದೆಯೇ, ನನಗಾದ್ರೂ ತೋರಿಸು" ಎಂದು ಅತ್ತೆ ಸೊಸೆಯನ್ನು ರೇಗಿಸುತ್ತಿದ್ದರು.

ಗುಂಡಿ ಖಾಸಗಿ ಶಾಲೆಯವರಿಗೆ ಸಿಕ್ಕಿತು. ಅಲ್ಲೊಂದು ಪದ್ಧತಿ. ಇಂಗ್ಲಿಷ್ ಬಿಟ್ಟು ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ಹಲಗೆ. ಇನ್ನೊಬ್ಬರು ಹಾಗೆ ಮಾತಾಡಿದ್ದನ್ನು ಹಿಡಿದುಕೊಟ್ಟರೆ ಹಲಗೆ ಅವರ ಕೊರಳಿಗೆ ದಾಟುತ್ತಿತ್ತು. ಸಂಜೆ ಯಾರಲ್ಲಿ ಉಳಿಯಿತೋ ಅವರು ಎಲ್ಲರ ಕಣ್ಣಿಗೆ ಬೀಳುವಂತೆ ಗೇಟಿನ ಬಳಿ ನಿಲ್ಲಬೇಕು. ಗೆಳತಿಯ ಬಾಯಿಗೆ ಗೆಳತಿಯೇ ಕಾವಲು. ರೇಡಿಯೋ ಎರಡು ಸಲ ನಿಂತಳು. ಆಮೇಲೆ ಮಾತೇ ಬಿಟ್ಟಳು.

"ಮಗು ಮನೇಲೂ ಮಾತಾಡ್ತಿಲ್ಲ ಅತ್ತೆ" ಎಂದಳು ಟೀಚರಮ್ಮ.

"ಒಳ್ಳೇದೇ ಆಯ್ತು ಬಿಡು. ದೊಡ್ಡ ಶಾಲೆ ಮಕ್ಕಳು ಹಾಗೇ, ಗಂಭೀರ."

"ಮೊದಮೊದಲು ಕಷ್ಟ ಕಣೇ," ಎಂದ ಗಂಡ. "ಆಮೇಲೆ ನೀರು ಕುಡಿದಷ್ಟು ಸಲೀಸು."

ಟೀಚರಮ್ಮ ನಂಬಿದಳು. ಬರೀ ನಂಬಿದ್ದರೆ ಕ್ಷಮಿಸಬಹುದಿತ್ತು. ತಮ್ಮ ಶಾಲೆಯ ಮಕ್ಕಳು ಒಬ್ಬೊಬ್ಬರಾಗಿ ಖಾಸಗಿ ಶಾಲೆಗೆ ಹೋಗುವುದನ್ನು ಕಂಡು ಹೆಡ್‌ಮೇಷ್ಟ್ರು, "ನಾವೂ ಅಂಥದ್ದೊಂದು ಹಲಗೆ ಮಾಡಿಸೋಣ, ಪೋಷಕರಿಗೆ ಇಷ್ಟ ಆಗುತ್ತೆ" ಎಂದರು. ಆ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರಿರಲಿಲ್ಲ, ಹುಡುಗಿಯರ ಕಕ್ಕಸಿಗೆ ಬಾಗಿಲಿರಲಿಲ್ಲ. ಹಲಗೆ ಮಾತ್ರ ತಡವಿಲ್ಲದೆ ಬಂತು. ಅಕ್ಷರ ಮುತ್ತಿನಂತಿದೆಯೆಂದು ಬರೆಯುವ ಕೆಲಸ ಟೀಚರಮ್ಮನಿಗೇ ಬಿತ್ತು. "ನಾನು ಮನೆಮಾತು ಆಡಿದೆ" ಎಂದು ಕೆಂಪು ಬಣ್ಣದಲ್ಲಿ ದುಂಡಗೆ ಬರೆದು, ತನ್ನ ತರಗತಿಯ ಮೊಳೆಗೆ ನೇತುಹಾಕಿದಳು.

ಒಂದು ದಿನ ಸಂಜೆ ವ್ಯಾನಿನ ಡ್ರೈವರ್ ರೇಡಿಯೋಳನ್ನು ಎತ್ತಿಕೊಂಡೇ ಇಳಿದ. "ಸೀಟಲ್ಲಿ ಮುದುಡಿಕೊಂಡು ಬಿದ್ದಿದ್ಲು ಟೀಚರೇ. ಮೈ ಕೆಂಡ ಆಗಿದೆ." ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. "ಒಳಗೆ ಕರುಳಿನ ಹತ್ತಿರ ಅಪೆಂಡಿಕ್ಸ್ ಒಡೆದು ಕೀವಾಗಿದೆ. ತಕ್ಷಣ ಆಪರೇಷನ್ ಆಗಬೇಕು. ಇಡೀ ದಿನ ಈ ನೋವು ತಡ್ಕೊಂಡು ಹೇಗಮ್ಮ ಸುಮ್ಮನಿದ್ದಾಳೆ?"

ಮಗು ಉಳಿಯಿತು, ಕೂದಲೆಳೆಯಲ್ಲಿ. ಎಚ್ಚರವಾದಾಗ ಟೀಚರಮ್ಮ ಹಣೆ ನೇವರಿಸಿ ಕೇಳಿದಳು: "ಮಿಸ್‌ಗೆ ಯಾಕೆ ಹೇಳಲಿಲ್ಲ ಕಂದಾ?"

ಮಗು ವಾರ್ಡಿನ ಸುತ್ತ ಒಮ್ಮೆ ಕಣ್ಣಾಡಿಸಿತು. ಯಾರೂ ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿತು. "ಇಂಗ್ಲಿಷಲ್ಲಿ ಹೇಗೆ ಹೇಳೋದು ಗೊತ್ತಾಗಲಿಲ್ಲಮ್ಮ. ನಮ್ಮ ಮಾತಲ್ಲಿ ಹೇಳಿದ್ರೆ ಹಲಗೆ ಹಾಕ್ತಿದ್ರು."

ತಾನೇ ಬರೆದ ಆ ಕೆಂಪು ಅಕ್ಷರಗಳು ಟೀಚರಮ್ಮನ ಕಣ್ಣ ಮುಂದೆ ಬಂದವು. ನನ್ನ ತರಗತಿಯಲ್ಲಿ ಎಷ್ಟು ಮಕ್ಕಳು ಏನೇನು ನುಂಗಿಕೊಂಡು ಕೂತಿವೆಯೋ ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಇನ್ನು ಇವಳು ನನ್ನ ಶಾಲೆಗೇ ಬರ್ತಾಳೆ" ಎಂದು ಮಗಳು ಚೇತರಿಸಿಕೊಂಡ ಮೇಲೆ ಟೀಚರಮ್ಮ ಹೇಳಿದಾಗ ಮನೆಯಲ್ಲಿ ರಂಪವೇ ಆಯಿತು.

"ನಾಲ್ಕು ಜನರ ಮುಂದೆ ನಮ್ಮ ಮರ್ಯಾದೆ ಏನಾಗಬೇಕು?" ಎಂದರು ಅತ್ತೆ.

"ಮರ್ಯಾದೆಗೆ ಹೊಟ್ಟೆನೋವು ಬರಲ್ಲ ಅತ್ತೆ."

"ತಲೆ ಕೆಟ್ಟಿದೆಯಾ ನಿಂಗೆ?" ಗಂಡ ಗದರಿದ. "ಅಲ್ಲಿ ಕಕ್ಕಸಿಗೆ ಬಾಗಿಲೇ ಇಲ್ಲ ಅಂತ ನೀನೇ ಹೇಳ್ತಿದ್ದೆ!"

"ಹೌದು ರೀ. ಬಾಗಿಲು ಹಾಕಿಸಬೇಕಾದೋರ ಮಕ್ಕಳು ಒಬ್ಬರೂ ಅಲ್ಲಿಲ್ಲ. ಅದಕ್ಕೇ ಇಲ್ಲ."

ಅತ್ತೆ ಮುಖ ಊದಿಸಿಕೊಂಡೇ ಇದ್ದರು, ಆದರೂ ಮೊಮ್ಮಗಳ ಜಡೆ ಹಾಕಿ ಕಳಿಸಿದರು.

ಆ ಬೆಳಿಗ್ಗೆ ವ್ಯಾನು ಹಾರನ್ ಹೊಡೆಯಿತು. ಉಳಿದ ಮೇಷ್ಟ್ರುಗಳು ನೋಡುತ್ತಿದ್ದಂತೆಯೇ ಟೀಚರಮ್ಮ ಮಗಳ ಕೈ ಹಿಡಿದು ವ್ಯಾನನ್ನು ದಾಟಿಕೊಂಡು ಗೇಟಿನೊಳಗೆ ನಡೆದಳು. ತರಗತಿಗೆ ಹೋಗಿ ಮೊದಲು ಮಾಡಿದ ಕೆಲಸ, ಮೊಳೆಯಿಂದ ಹಲಗೆ ತೆಗೆದದ್ದು. "ಇದನ್ನ ಬರೆದವಳು ನಾನು. ತಪ್ಪು ಮಾಡಿದೆ ಮಕ್ಕಳೇ" ಎಂದಳು.

ಹೆಡ್‌ಮೇಷ್ಟ್ರು ಬಾಗಿಲಿಗೆ ಓಡಿ ಬಂದರು. "ಏನಮ್ಮ ಇದು? ಪೋಷಕರು ಕೇಳ್ತಾರಲ್ಲ!"

"ಕೇಳಲಿ ಸಾರ್. ಇವತ್ತಿನಿಂದ ನಾನೂ ಈ ಶಾಲೆ ಪೋಷಕಿ. ನಾನೂ ಕೇಳ್ತೀನಿ. ಹೆಣ್ಣುಮಕ್ಕಳ ಕಕ್ಕಸಿಗೆ ಬಾಗಿಲು ಯಾವತ್ತು ಹಾಕಿಸ್ತೀರಿ?"

ಅವರು ಕನ್ನಡಕ ಒರೆಸಿಕೊಳ್ಳುತ್ತ ನಿಂತುಬಿಟ್ಟರು.

ಮುಂದಿನ ಸಾಲಿನಲ್ಲಿ ಪಕ್ಕದ ಹುಡುಗಿ ರೇಡಿಯೋಳನ್ನು ಮೊಣಕೈಯಿಂದ ತಿವಿದು, "ಇಷ್ಟು ದಿನ ವ್ಯಾನ್ ಹತ್ರ ಕಾಣಲೇ ಇಲ್ಲ, ಎಲ್ಲಿದ್ದೆ?" ಎಂದಳು. ರೇಡಿಯೋ ಖಾಲಿ ಮೊಳೆಯನ್ನು ನೋಡಿದಳು, ಅಮ್ಮನ ಮುಖ ನೋಡಿದಳು, ಮತ್ತೆ ಮೊಳೆಯನ್ನು ನೋಡಿದಳು. ಆಮೇಲೆ, "ನಂಗೆ ಹೊಟ್ಟೆ ಕುಯ್ದಿದ್ರು ಗೊತ್ತಾ?" ಎಂದು ಮೆಲ್ಲಗೆ ಶುರು ಮಾಡಿದಳು. ಡಾಕ್ಟರು, ಸೂಜಿ, ಹೊಲಿಗೆ, ವಾರ್ಡಿನ ಬೆಕ್ಕು, ಒಂದಾದ ಮೇಲೊಂದು ಬಂದವು. ದನಿ ಏರುತ್ತಾ ಹೋಯಿತು. ಟೀಚರಮ್ಮ ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿ ನಿಂತಿದ್ದಳು. ಆ ಗಂಟೆ ಮುಗಿಯುವ ತನಕ ಅವಳು ಯಾರಿಗೂ ಸುಮ್ಮನಿರಿ ಎನ್ನಲಿಲ್ಲ.