ಖಾಲಿ ಆಕಾಶದ ಗುಡ್ಡ

ಗಂಡ ಆಕಾಶ ನೋಡುವವನು, ಹೆಂಡತಿ ಸಂಖ್ಯಾಶಾಸ್ತ್ರದವಳು. ಇಬ್ಬರದೂ ಒಂದೇ ಸಂಸ್ಥೆ, ಒಂದೇ ಕಾರು. ಆಕಾಶ ನೋಡುವವನೆಂದರೆ ಕತ್ತೆತ್ತಿ ಕೂರುವವನು ಎಂದುಕೊಳ್ಳಬೇಡಿ. ಅವನು ಹಗಲು ಹೊತ್ತು ಎಸಿ ಕೋಣೆಯಲ್ಲಿ ಕೂತು, ಉಪಗ್ರಹ ಕಳಿಸಿದ ಅಂಕಿಗಳನ್ನು ಜರಡಿ ಹಿಡಿದು, ಯಾವ ಗಾಮಾ ಕಿರಣ ಎಲ್ಲಿಂದ ಬಂತೆಂದು ಅಪ್ಪಣೆ ಕೊಡಿಸುವ ಮಹಾನುಭಾವ.

ಈ ಸಲ ಅವನ ಕಣ್ಣು ಬಿದ್ದದ್ದು ದೂರದ ಬಡಕಲು ಗೆಲಾಕ್ಸಿಗಳ ಮೇಲೆ. ಒಂದೊಂದರ ಕಿರಣವೂ ಇದೆಯೋ ಇಲ್ಲವೋ ಎನ್ನುವಷ್ಟು ಕ್ಷೀಣ. ಅದಕ್ಕೇ ನೂರಾರು ಗೆಲಾಕ್ಸಿಗಳ ಲೆಕ್ಕವನ್ನು ಒಂದರ ಮೇಲೊಂದು ಪೇರಿಸಿದ. ಗ್ರಾಫಿನ ನಡುವೆ ಪುಟ್ಟ ಗುಡ್ಡವೊಂದು ಎದ್ದಿತು; ಗೆಲಾಕ್ಸಿಗಳಿಂದ ಕಿರಣ ನಿಜಕ್ಕೂ ಬರುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ ಎಂದುಕೊಂಡ. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಭಾಗದ ಮುಖ್ಯಸ್ಥರ ಕುರ್ಚಿ ಸದ್ಯದಲ್ಲೇ ಖಾಲಿಯಾಗುವುದಿತ್ತು, ಗುಡ್ಡ ಹತ್ತಿದವನಿಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು.

“ರೀ, ಗೆಲಾಕ್ಸಿ ಇಲ್ಲದಿರೋ ಜಾಗಗಳನ್ನೂ ಹೀಗೇ ಪೇರಿಸಿ ನೋಡಿದ್ರಾ?” ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು.

“ಏನೂ ಇಲ್ಲದ ಕಡೆ ಏನೇ ನೋಡೋದು? ನೀರು ಕೊಡು.”

ಮರುದಿನ ಕಾರಿನಲ್ಲಿ ಮತ್ತೆ ಕೇಳಿದಳು. ಅವನು ರೇಡಿಯೊ ಜೋರು ಮಾಡಿದ. ಕೊನೆಗೆ ಅವಳೇ ಖಾಲಿ ಜಾಗಗಳನ್ನು ಪೇರಿಸಿ, ಗ್ರಾಫ್ ತೆಗೆದು ಅವನ ಮುಂದಿಟ್ಟಳು.

“ನನ್ನ ಸೆಮಿನಾರ್ ಮುಗೀಲಿ, ಆಮೇಲೆ ನೋಡೋಣ. ಮನೆಯವಳೇ ಕಾಲೆಳೆದ್ರೆ ಹೊರಗಿನವರು ಸುಮ್ನೆ ಬಿಡ್ತಾರಾ?” ಎಂದು ಕಾಗದದ ಮೇಲೆ ಕಾಫಿ ಲೋಟ ಇಟ್ಟ.

ಸಂಖ್ಯಾಶಾಸ್ತ್ರದವರು ಒಪ್ಪದೆ ಯಾವ ಫಲಿತಾಂಶವೂ ಹೊರಗೆ ಹೋಗಬಾರದೆಂಬುದು ಸಂಸ್ಥೆಯ ನಿಯಮ. ಆ ಒಪ್ಪಿಗೆ ಮನೆಯಲ್ಲೇ ಇದೆಯೆಂದು ಅವನು ನಿಶ್ಚಿಂತನಾಗಿದ್ದ.

ಸೆಮಿನಾರಿನಲ್ಲಿ ಗುಡ್ಡಕ್ಕೆ ಭರ್ಜರಿ ಚಪ್ಪಾಳೆ ಬಿತ್ತು. ನಿರ್ದೇಶಕರು ಹಲ್ಲು ಕಿರಿಯುತ್ತ, “ಮೇಡಂ, ಯಜಮಾನರ ಕೆಲಸ. ನಿಮ್ಮ ಒಪ್ಪಿಗೆ ಕೇಳೋದೇ ಬೇಡ ಅಲ್ವಾ?” ಎಂದರು. ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ಗಂಡನೇ ನಕ್ಕ.

ಅವಳು ಎದ್ದು ಮೈಕು ಹಿಡಿದಳು. ಆ ಕುರ್ಚಿಗಾಗಿ ಅವನು ಎಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದಾನೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಮ್ಮೆ ಅವನ ಮುಖ ನೋಡಿದಳು. ಆದರೂ ಪರದೆಯ ಮೇಲೆ ಎರಡು ಗ್ರಾಫ್ ಹಾಕಿದಳು. ಎರಡರಲ್ಲೂ ಒಂದೇ ಥರದ ಗುಡ್ಡ.

“ಒಂದು ಗೆಲಾಕ್ಸಿಗಳದ್ದು, ಇನ್ನೊಂದು ಏನೂ ಇಲ್ಲದ ಆಕಾಶದ್ದು. ಯಾವುದು ಯಾವುದು ಅಂತ ಯಾರಾದ್ರೂ ಹೇಳ್ತೀರಾ?”

ಮುಂದಿನ ಸಾಲಿನವರು ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದರು. ಗಂಡನೂ ಕಣ್ಣು ಕಿರಿದು ಮಾಡಿ ತನ್ನ ಗುಡ್ಡ ಯಾವುದೆಂದು ಹುಡುಕಿದ. ಗುರುತು ಸಿಗಲಿಲ್ಲ. ನಿರ್ದೇಶಕರು ಗಡಿಯಾರ ನೋಡಿ, ಮುಖ್ಯಸ್ಥರ ಆಯ್ಕೆಯ ವಿಷಯ ಮುಂದೆ ನೋಡೋಣವೆಂದು ಎದ್ದರು.

ವಾಪಸು ಬರುವಾಗ ಅವನೇ ಕಾರು ಓಡಿಸಿದ. ಸಿಗ್ನಲ್‌ನಲ್ಲಿ ಕಾರು ನಿಂತಾಗ ಅವನು ಅವಳತ್ತ ತಿರುಗಿದ.

“ಅಷ್ಟು ಜನರ ಮುಂದೆ ಮರ್ಯಾದೆ ತೆಗೆದ್ಯಲ್ಲೇ. ಮನೇಲೇ ಒಂದು ಮಾತು ಹೇಳಿದ್ರೆ ನಾನು ಕೇಳ್ತಿರಲಿಲ್ವಾ?”

ಅವಳಿಗೆ ನಗು ಬರಬೇಕಿತ್ತು, ಅಳು ಬಂತು.

“ಮದುವೆಯಾದಾಗಿಂದ ಮನೇಲೇ ಹೇಳ್ತಿದ್ದೀನಿ ರೀ. ಇವತ್ತು ಮೈಕ್ ಕೊಟ್ರು, ನಿಮಗೆ ಕೇಳಿಸ್ತು.”